ಸಮುದಾಯ ಅರಣ್ಯದ ಯೋಜನೆ ಬರೆಯುವಾಗ ಮೊದಲು ಯಾರ ಮಾತು ಕೇಳಬೇಕು?

ಪ್ರಶ್ನೆ: ಕೋಥರೂಡ್, ಪುಣೆ

ಎಲ್ಲರಿಗೂ ನಮಸ್ಕಾರ. ನಾನು ಮೂಲತಃ ಧಾರವಾಡ ಜಿಲ್ಲೆಯವನು. ಬಹುಕಾಲದಿಂದ ಪುಣೆಯಲ್ಲಿ ನೆಲೆಸಿದ್ದೇನೆ. ಇಲ್ಲಿನ ಕೆಲವು ಗೆಳೆಯರು ಸೇರಿ, ಅಂಬೇಗಾಂವ್ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ, ಭೀಮಾಶಂಕರ ಅಭಯಾರಣ್ಯದ ಗಡಿಯಿಂದ ಹೊರಗಿರುವ ಒಂದು ಹಳ್ಳಿಗೆ ಕಾಗದಪತ್ರದ ಕೆಲಸದಲ್ಲಿ ನೆರವಾಗುತ್ತಿದ್ದೇವೆ. ಊರಿನಲ್ಲಿ ಹೆಚ್ಚಿನವರು ಮಹಾದೇವ ಕೋಳಿ ಸಮುದಾಯದವರು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಗ್ರಾಮಸಭೆಗೆ ಸಾಮೂಹಿಕ ಅರಣ್ಯದ ಹಕ್ಕುಪತ್ರ ಬಂದಿದೆ. ಆ ಕಾಡನ್ನು ಹೇಗೆ ಕಾಯುವುದು, ಯಾವುದನ್ನು ಎಷ್ಟು ತೆಗೆಯುವುದು, ದನಕರುಗಳನ್ನು ಎಲ್ಲಿ ಮೇಯಿಸುವುದು, ಬೆಂಕಿ ಬಿದ್ದರೆ ಯಾರು ಓಡುವುದು ಎಂಬುದನ್ನೆಲ್ಲ ಒಳಗೊಂಡ ನಿರ್ವಹಣಾ ಯೋಜನೆಯನ್ನು ಊರು ಈಗ ಬರೆಯಬೇಕಾಗಿದೆ.

ತೊಡಕು ಶುರುವಾದದ್ದು ಮೊದಲ ಸಭೆಯಲ್ಲೇ. ಬಂದವರು ದೊಡ್ಡ ಊರಿನ ಗಂಡಸರು. ಮಾತನಾಡಿದವರು ಅವರಲ್ಲೂ ಕೆಲವರು ಮಾತ್ರ. ಹೆಂಗಸರು ದೇವಸ್ಥಾನದ ಕಟ್ಟೆಯ ಆಚೆ ಕುಳಿತು ಕೇಳಿಸಿಕೊಂಡರು. ಗುಡ್ಡದ ಮೇಲಿನ ವಾಡಿಗಳಿಂದ, ಅಂದರೆ ಊರಿಗೆ ಸೇರಿದ ಪುಟ್ಟ ಕೇರಿಗಳಿಂದ, ಯಾರೂ ಇಳಿದು ಬರಲಿಲ್ಲ. ಇಲ್ಲಿಯವರು ಹಿರಡಾ ಎನ್ನುವ ಅಳಲೆಕಾಯಿಯೇ ಊರಿನ ಕೈಗೆ ನಗದು ಹಣ ತರುವ ಮುಖ್ಯ ಉತ್ಪನ್ನ, ಅದನ್ನು ಆರಿಸಿ ಒಣಗಿಸುವವರು ಹೆಂಗಸರು. ಆದರೂ ಅಳಲೆಯ ವಿಷಯ ಬಂದಾಗ ಅವರನ್ನು ಯಾರೂ ಕೇಳಲಿಲ್ಲ. ಮಳೆಗಾಲ ಮುಗಿದ ಮೇಲೆ ಕುರಿಮಂದೆಯೊಂದಿಗೆ ಘಟ್ಟ ಇಳಿದು ಕೊಂಕಣದತ್ತ ಹೋಗುವ ಧನಗರರ ಹೆಸರು ಬಂದದ್ದು, ಅವರನ್ನು ಈ ಕಾಡಿಗೆ ಬಿಡಬಾರದು ಎಂಬ ಮಾತಿನಲ್ಲಿ ಮಾತ್ರ.

ನಮ್ಮ ಗುಂಪಿನಲ್ಲೂ ಒಮ್ಮತವಿಲ್ಲ. ಅರಣ್ಯ ಇಲಾಖೆ, ಪಂಚಾಯತಿ, ಅಳಲೆಕಾಯಿಯ ವ್ಯಾಪಾರಿಗಳು, ಪುಣೆಯ ಚಾರಣ ಸಂಘಗಳು, ಪಕ್ಕದಲ್ಲಿ ಜಮೀನು ಕೊಂಡು ಫಾರ್ಮ್‌ಹೌಸ್ ಕಟ್ಟಿಸಿದವರು, ಹೀಗೆ ಕಾಡಿನೊಂದಿಗೆ ಯಾವುದೇ ಸಂಬಂಧವಿರುವ ಎಲ್ಲರನ್ನೂ ಕರೆದು ಒಂದು ದೊಡ್ಡ ಕಾರ್ಯಾಗಾರ ಮಾಡೋಣ ಎನ್ನುವವರು ಕೆಲವರು. ಊರಿನವರನ್ನು ಬಿಟ್ಟು ಬೇರಾರೂ ಬೇಡ ಎನ್ನುವವರು ಇನ್ನು ಕೆಲವರು. ಉತ್ತರ ಕನ್ನಡದ, ಗೋವಾದ ಅನುಭವ ಬಲ್ಲವರು ಈ ಬಳಗದಲ್ಲಿದ್ದಾರೆಂದು ಈ ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ. ಯಾರನ್ನು ಕರೆಯಬೇಕು, ಯಾವ ಕ್ರಮದಲ್ಲಿ?

ಉತ್ತರ 1: ಡೊಂಬಿವಲಿ, ಮುಂಬಯಿ (ಮೂಲ ಕುಮಟಾ)

ತಮ್ಮ ಪ್ರಶ್ನೆಗೆ ಹತ್ತಿರದ ಉದಾಹರಣೆಯೊಂದು ಹಳೆಯ ಮುಂಬಯಿ ಪ್ರಾಂತ್ಯದ ಚರಿತ್ರೆಯಲ್ಲೇ ಇದೆ. ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಮುಂಬಯಿಗೆ ಸೇರಿತ್ತು. ಸರ್ಕಾರ ಕಾಡನ್ನು ತನ್ನ ವಶಕ್ಕೆ ತೆಗೆದುಕೊಂಡ ಮೇಲೆ ಸೊಪ್ಪು, ಸೌದೆ, ಮೇವಿಗೆ ಜನ ಪಡುತ್ತಿದ್ದ ಪಾಡಿನ ದೂರುಗಳು ಹೆಚ್ಚಾದಾಗ, 1920ರ ದಶಕದ ಆರಂಭದಲ್ಲಿ ಕಾಲಿನ್ಸ್ ಎಂಬ ಅಧಿಕಾರಿ ವಿಚಾರಣೆ ನಡೆಸಿ, ಊರಿಗೆ ಸಮೀಪದ ಕಾಡನ್ನು ಊರ ಪಂಚಾಯತಿಯ ಕೈಗೇ ಕೊಡಬಹುದೆಂದು ಶಿಫಾರಸು ಮಾಡಿದ. ಹಾಗೆ ಹುಟ್ಟಿದ ಗ್ರಾಮ ಅರಣ್ಯ ಪಂಚಾಯತಿಗಳಲ್ಲಿ ನಮ್ಮ ತಾಲ್ಲೂಕಿನ ಹಳಕಾರ, ಚಿತ್ರಗಿ, ಮೂರೂರು-ಕಲ್ಲಬ್ಬೆಗಳ ಹೆಸರು ಇಂದಿಗೂ ಕೇಳಿಬರುತ್ತದೆ. 1970ರ ದಶಕದ ಕೊನೆಯಲ್ಲಿ ಸರ್ಕಾರ ಈ ಪಂಚಾಯತಿಗಳನ್ನು ಮುಚ್ಚಲು ಹೊರಟಾಗ ಹಳಕಾರದವರು ನ್ಯಾಯಾಲಯದ ಮೆಟ್ಟಿಲೇರಿ ತಮ್ಮದನ್ನು ಉಳಿಸಿಕೊಂಡರು. ಅಷ್ಟು ಹಟ ಎಲ್ಲಿಂದ ಬಂತು ಎಂದರೆ, ಕಾವಲುಗಾರನನ್ನು ನೇಮಿಸುವವರೂ ಅವನ ಸಂಬಳಕ್ಕೆ ಹಣ ಹೊಂದಿಸುವವರೂ ಊರಿನವರೇ ಆಗಿದ್ದರು. ಉದುರಿದ ಒಣ ಎಲೆಯ ದರಕು ಗುಡಿಸಿ ತರುವ ಮನೆಗೂ ಸೌದೆ ತರುವ ಮನೆಗೂ ಆ ವ್ಯವಸ್ಥೆ ಮುರಿದರೆ ತನಗೇನು ನಷ್ಟ ಎಂಬುದು ಗೊತ್ತಿತ್ತು.

ಇದಕ್ಕೆ ವಿರುದ್ಧವಾದದ್ದನ್ನು ಅದೇ ಜಿಲ್ಲೆ 1990ರ ದಶಕದಲ್ಲಿ ಕಂಡಿತು. 1988ರ ರಾಷ್ಟ್ರೀಯ ಅರಣ್ಯ ನೀತಿ, 1990ರ ಜೂನ್‌ನಲ್ಲಿ ಕೇಂದ್ರ ಹೊರಡಿಸಿದ ಸುತ್ತೋಲೆ, ಅದರ ಬೆನ್ನಿಗೆ ಕರ್ನಾಟಕದ 1993ರ ಆದೇಶ, ಇವುಗಳಿಂದ ಇಲಾಖೆಯೂ ಊರೂ ಸೇರಿ ಕಾಡು ನೋಡಿಕೊಳ್ಳುವ ಜಂಟಿ ಅರಣ್ಯ ನಿರ್ವಹಣೆ ಬಂದು, ಬ್ರಿಟನ್ನಿನ ನೆರವಿನ ಪಶ್ಚಿಮ ಘಟ್ಟ ಯೋಜನೆಯಡಿ ಊರೂರಿಗೆ ಗ್ರಾಮ ಅರಣ್ಯ ಸಮಿತಿಗಳಾದವು. ಸಭೆಗಳು ನಡೆದವು, ಹಾಜರಾತಿಗೆ ಸಹಿಗಳೂ ಬಿದ್ದವು. ಆದರೆ ಅನೇಕ ಕಡೆ ಸಮಿತಿಯ ಮುಂದಿನ ಸಾಲಿನಲ್ಲಿ ಕುಳಿತವರು ಅಡಿಕೆ ತೋಟದವರು. ಅವರಿಗೆ ಸೊಪ್ಪಿನಬೆಟ್ಟದ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನ, ಸೌಲಭ್ಯ ಮೊದಲಿನಿಂದ ಇದೆ; ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟ ಉಂಟು. ಊರ ಸಾಮೂಹಿಕ ಗುಡ್ಡಕ್ಕೆ ಬೇಲಿ ಹಾಕಿ ಅಕೇಶಿಯಾ ನೆಟ್ಟರೆ ತೋಟದವರ ಗೊಬ್ಬರದ ಗುಂಡಿಗೆ ಕೊರತೆಯಾಗುವುದಿಲ್ಲ. ಬೆಟ್ಟವಿಲ್ಲದ ಕೂಲಿಯವರ ದನ ಎಲ್ಲಿಗೆ ಹೋಗಬೇಕು, ಅವರ ಮನೆಯ ಹೆಂಗಸರು ಸೌದೆಗೆ ಇನ್ನೆಷ್ಟು ದೂರ ನಡೆಯಬೇಕು ಎಂಬುದು ಆ ಸಭೆಯಲ್ಲಿ ಪ್ರಶ್ನೆಯೇ ಆಗಲಿಲ್ಲ. ಎಲ್ಲ ಊರಿನಲ್ಲೂ ಹೀಗೆಯೇ ಆಯಿತೆಂದು ಹೇಳಲಾರೆ. ಆದರೆ ಎಲ್ಲೆಲ್ಲಿ ಸಮಿತಿ ಸೊರಗಿತೋ ಅಲ್ಲಿ ಈ ಮಾತು ತಪ್ಪದೆ ಕೇಳಿಬರುತ್ತದೆ.

ಆದ್ದರಿಂದ ಜನರ ಪಟ್ಟಿ ಮಾಡುವ ಮೊದಲು ಬಳಕೆಯ ಪಟ್ಟಿ ಮಾಡಿ ಎಂಬುದು ನನ್ನ ಸಲಹೆ. ಅಳಲೆ, ಸೌದೆ, ಮೇವು, ಜೇನು, ಔಷಧಿ ಬೇರು, ಮಳೆಗಾಲದ ಸೊಪ್ಪುಗಡ್ಡೆ, ನೀರಿನ ಒರತೆ, ಇವುಗಳಲ್ಲಿ ಒಂದೊಂದನ್ನೂ ಯಾರು, ಯಾವ ತಿಂಗಳಲ್ಲಿ, ಯಾವ ಜಾಗದಿಂದ ತರುತ್ತಾರೆ ಎಂದು ಮನೆಗಳಿಗೇ ಹೋಗಿ ಕೇಳಿ ಬರೆದುಕೊಳ್ಳಿ. ಅದರ ಮುಂದೆ ಇನ್ನೊಂದು ಪ್ರಶ್ನೆ ಇರಲಿ: ಈ ಜಾಗವನ್ನು ಐದು ವರ್ಷ ಮುಚ್ಚಿದರೆ ನಿಮ್ಮ ಮನೆ ಏನು ಮಾಡುತ್ತದೆ? ಈ ಪ್ರಶ್ನೆಗೆ 'ಏನೂ ತೊಂದರೆಯಿಲ್ಲ' ಎನ್ನುವವರೇ ಸಾಮಾನ್ಯವಾಗಿ ಸಭೆಗೆ ಮೊದಲು ಬಂದು ಗಟ್ಟಿಯಾಗಿ ಮಾತನಾಡುತ್ತಾರೆ. ಉತ್ತರಿಸಲು ತಡವರಿಸುವವರ ಬಳಿ ಮೊದಲು ಕುಳಿತುಕೊಳ್ಳಬೇಕು. ದೊಡ್ಡ ಕಾರ್ಯಾಗಾರದಲ್ಲಿ ಅವರು ತಡವರಿಸುವುದಕ್ಕೂ ಅವಕಾಶವಿರುವುದಿಲ್ಲ.

ಉತ್ತರ 2: ವಾಳಪೈ, ಗೋವಾ

ಮೇಲಿನವರ ಮಾತಿಗೆ ನನ್ನ ಸಮ್ಮತಿಯಿದೆ. ಆದರೆ ಹಳೆಯ ಗ್ರಾಮಸಂಸ್ಥೆಗಳನ್ನು ತೀರ ಮೆಚ್ಚಿಕೊಳ್ಳುವುದರಲ್ಲಿ ಅಪಾಯವಿದೆ ಎಂಬುದನ್ನು ಗೋವಾದ ಗಾಂವ್‌ಕಾರಿ ಪದ್ಧತಿ ತೋರಿಸುತ್ತದೆ. ಪೋರ್ಚುಗೀಸರು ಬರುವ ಮೊದಲಿನಿಂದ ಇದ್ದ ಈ ವ್ಯವಸ್ಥೆಯಲ್ಲಿ ಊರಿನ ಭೂಮಿ ಸಾಮೂಹಿಕವಾಗಿಯೇ ಇತ್ತು, ಕಟ್ಟೆ ಕಾಲುವೆಗಳ ದುರಸ್ತಿಯೂ ಸಾಮೂಹಿಕವಾಗಿಯೇ ನಡೆಯುತ್ತಿತ್ತು. ಆದರೆ ಪಾಲು ಸಲ್ಲುತ್ತಿದ್ದುದು ಗಾಂವ್‌ಕಾರರೆನ್ನುವ ಊರಿನ ಮೂಲ ಮನೆತನಗಳ ಗಂಡು ಸಂತಾನಕ್ಕೆ. ಅದೇ ನೆಲದಲ್ಲಿ ತಲೆಮಾರುಗಳಿಂದ ದುಡಿದವರಿಗೂ ಹೆಂಗಸರಿಗೂ ನಿರ್ಧಾರದಲ್ಲಿ ಸ್ಥಾನವಿರಲಿಲ್ಲ. ನೀವು ಹೇಳಿದ ದೇವಸ್ಥಾನದ ಕಟ್ಟೆಯ ಆಚೆಯ ಹೆಂಗಸರು, ಗುಡ್ಡದ ಮೇಲಿನ ವಾಡಿಯವರು ನಿಮ್ಮ ಊರಿನ ಅಂಥವರು. 'ಊರಿನವರು ಮಾತ್ರ ಸಾಕು' ಎನ್ನುವ ನಿಮ್ಮ ಗೆಳೆಯರು, ಊರಿನೊಳಗೇ ಯಾರು ಊರಿನವರಾಗಿದ್ದಾರೆ ಎಂಬುದನ್ನು ಮೊದಲು ನೋಡಬೇಕು.

ಇಲ್ಲಿ ಸತ್ತರಿ ತಾಲ್ಲೂಕಿನಲ್ಲಿ ನಡೆದಿರುವುದು ಬೇರೆ ಬಗೆಯ ಪಾಠ. ಮ್ಹಾದಯಿ ಅಭಯಾರಣ್ಯ ಘೋಷಣೆಯಾದದ್ದು 1999ರಲ್ಲಿ. ಅದರೊಳಗಿನ ಹಳ್ಳಿಗಳ ಹಕ್ಕುಗಳು ಇತ್ಯರ್ಥವಾಗದೆ ವರ್ಷಗಳು ಉರುಳಿದವು. ಗಾವಡಾ, ಕುಣಬಿ, ವೇಳಿಪ ಸಮುದಾಯಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ದನ ಎಮ್ಮೆ ಸಾಕುವ ಗವಳಿ ಧನಗರರಿಗೆ ಅದು ಸಿಗಲಿಲ್ಲ. ಆದ್ದರಿಂದ ಅವರು ಅರಣ್ಯ ಹಕ್ಕು ಕೇಳಬೇಕಾದರೆ ಇತರ ಪಾರಂಪರಿಕ ಅರಣ್ಯವಾಸಿಗಳೆಂದು, ಮೂರು ತಲೆಮಾರು ಅಂದರೆ 75 ವರ್ಷಗಳ ವಾಸವನ್ನು ಸಾಬೀತು ಮಾಡಬೇಕು. ಪೋರ್ಚುಗೀಸ್ ಕಾಲದ ಕಾಗದಗಳನ್ನು ಹಟ್ಟಿಯಲ್ಲಿ ಯಾರು ಜೋಪಾನ ಮಾಡಿಟ್ಟಿರುತ್ತಾರೆ? 2020ರ ಜನವರಿಯಲ್ಲಿ ಗೋಳಾವಲಿಯಲ್ಲಿ ಒಂದು ಹೆಣ್ಣು ಹುಲಿಯೂ ಅದರ ಮರಿಗಳೂ ಸೇರಿ ನಾಲ್ಕು ಹುಲಿಗಳು ವಿಷಪ್ರಾಶನದಿಂದ ಸತ್ತು ಬಿದ್ದಿದ್ದವು. ಹುಲಿ ದನವನ್ನು ಕೊಂದ ಸಿಟ್ಟು ಅದರ ಹಿಂದೆ ಇತ್ತೆಂದು ಆಗ ಪತ್ರಿಕೆಗಳು ಬರೆದವು. 2023ರ ಜುಲೈನಲ್ಲಿ ಮುಂಬಯಿ ಹೈಕೋರ್ಟಿನ ಗೋವಾ ಪೀಠ ಮೂರು ತಿಂಗಳೊಳಗೆ ಹುಲಿ ಸಂರಕ್ಷಿತ ಪ್ರದೇಶ ಘೋಷಿಸುವಂತೆ ಆದೇಶಿಸಿತು; ಅರಣ್ಯವಾಸಿಗಳ ಹಕ್ಕುಗಳನ್ನು ನಿರ್ಧರಿಸಬೇಕೆಂದೂ ಹೇಳಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಹುಲಿಯ ಪರ, ಜನರ ಪರ ಎಂದು ಊರುಗಳು ಒಡೆದು ನಿಂತಿರುವ ಈ ಹೊತ್ತಿನಲ್ಲಿ ಕಾಡಿನ ನಿರ್ವಹಣೆಯ ಮಾತು ಎತ್ತುವುದೇ ಕಷ್ಟವಾಗಿದೆ. ಗೆರೆ ಮೊದಲು ಬಿತ್ತು, ಮಾತುಕತೆ ಆಮೇಲೆ ಬಂತು.

ಒಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅರಣ್ಯ ಇಲಾಖೆಯನ್ನು ಕೊನೆಗೆ ಕರೆದರಾಯಿತು ಎಂದುಕೊಳ್ಳಬೇಡಿ. ಬೆಂಕಿ ನಂದಿಸಲು, ದನ ಸತ್ತಾಗ ಪರಿಹಾರದ ಪಂಚನಾಮೆ ಮಾಡಿಸಲು, ಹೊರಗಿನ ಮರಗಳ್ಳರ ಮೇಲೆ ಮೊಕದ್ದಮೆ ಹೂಡಲು ಆ ಭಾಗದ ಅರಣ್ಯ ರಕ್ಷಕನೇ ಬೇಕು. ಆತನನ್ನು ಮೊದಲ ದಿನದಿಂದಲೇ ಜೊತೆಯಲ್ಲಿಟ್ಟುಕೊಳ್ಳುವುದು ವಿವೇಕ.

ಉತ್ತರ 3: ನಿಗಡಿ, ಪುಣೆ

ಅರಣ್ಯ ರಕ್ಷಕ ಜೊತೆಯಲ್ಲಿರಲಿ ಎಂಬುದನ್ನು ಒಪ್ಪೋಣ, ಆದರೆ ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲಿ ಬೇಡ. ಕರ್ನಾಟಕದ ಗ್ರಾಮ ಅರಣ್ಯ ಸಮಿತಿಗಳಲ್ಲಿ ಇಲಾಖೆಯ ಫಾರೆಸ್ಟರೇ ಸದಸ್ಯ ಕಾರ್ಯದರ್ಶಿ. ನಡಾವಳಿ ಪುಸ್ತಕ ಅವರ ಕೈಯಲ್ಲಿ. ಅರಣ್ಯ ಹಕ್ಕು ಕಾಯ್ದೆ ಈ ಸಂಬಂಧವನ್ನು ಬದಲಿಸಿದೆ. ಕಾಯ್ದೆಯ 5ನೆಯ ಕಲಮು ಕಾಡನ್ನು, ವನ್ಯಜೀವಿಗಳನ್ನು, ನೀರಿನ ಮೂಲಗಳನ್ನು ಕಾಪಾಡುವ ಅಧಿಕಾರವನ್ನು ಹಕ್ಕುದಾರರಿಗೂ ಗ್ರಾಮಸಭೆಗೂ ಕೊಡುತ್ತದೆ. ನಿಯಮಗಳ ಪ್ರಕಾರ ಗ್ರಾಮಸಭೆಯೇ ತನ್ನ ಸದಸ್ಯರಿಂದ ಒಂದು ಸಮಿತಿ ರಚಿಸುತ್ತದೆ. ನಿರ್ವಹಣಾ ಯೋಜನೆ ಬರೆಯುವುದು, ಕಿರು ಅರಣ್ಯ ಉತ್ಪನ್ನದ ಸಾಗಣೆಗೆ ಪರವಾನಗಿ ಕೊಡುವುದು ಆ ಸಮಿತಿಯ ಕೆಲಸ. ಅದರ ತೀರ್ಮಾನಗಳಿಗೆ ಒಪ್ಪಿಗೆ ಕೊಡುವುದು ಗ್ರಾಮಸಭೆ. ಇಲಾಖೆ ಸಲಹೆ ಕೊಡಬಹುದು. ಲೇಖನಿ ಊರಿನ ಕೈಯಲ್ಲಿರಬೇಕು, ಲೆಕ್ಕದ ಪುಸ್ತಕವೂ.

ಹೊರಗಿನವರನ್ನು ಎಲ್ಲಿ ಕೂರಿಸಬೇಕು ಎಂಬ ಪ್ರಶ್ನೆಗೆ ಮಹಾರಾಷ್ಟ್ರದಲ್ಲೇ ಒಂದು ಒಳ್ಳೆಯ ಉತ್ತರ ಸಿದ್ಧವಾಗಿದೆ. ಗಡಚಿರೋಲಿ ಜಿಲ್ಲೆಯ ಮೇಂಢಾ-ಲೇಖಾ ಗ್ರಾಮಕ್ಕೆ 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಸಾಮೂಹಿಕ ಹಕ್ಕು ಸಿಕ್ಕಿತು. 2011ರಲ್ಲಿ ಬಿದಿರು ಸಾಗಣೆಯ ಪರವಾನಗಿ ಪುಸ್ತಕ ಊರಿನ ಕೈಗೆ ಬಂತು. ಅಲ್ಲಿನ ಗ್ರಾಮಸಭೆ ಬಹುಮತದಿಂದ ತೀರ್ಮಾನ ಮಾಡುವುದಿಲ್ಲ, ಸರ್ವಸಮ್ಮತಿಯಿಂದ ಮಾಡುತ್ತದೆ. ಒಬ್ಬರು ಒಪ್ಪದಿದ್ದರೂ ತೀರ್ಮಾನವನ್ನು ಮುಂದೂಡಲಾಗುತ್ತದೆ. ಅದರ ಜೊತೆಗೆ 'ಅಭ್ಯಾಸ ಗಟ' ಎಂಬ ಅಧ್ಯಯನ ಗುಂಪುಗಳಿವೆ. ಅಲ್ಲಿಗೆ ಹೊರಗಿನ ತಜ್ಞರೂ ಬರಬಹುದು, ಅಧಿಕಾರಿಗಳೂ ಬರಬಹುದು, ಗಂಟೆಗಟ್ಟಲೆ ಚರ್ಚಿಸಬಹುದು. ತೀರ್ಮಾನದ ಹೊತ್ತಿಗೆ ಮಾತ್ರ ಗ್ರಾಮಸಭೆಯವರಷ್ಟೇ ಉಳಿಯುತ್ತಾರೆ. ನಿಮ್ಮ ಚಾರಣ ಸಂಘ, ಅಳಲೆ ವ್ಯಾಪಾರಿ, ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ಕ್ಷಮಿಸಿ, ನೀವೂ ನಿಮ್ಮ ಗೆಳೆಯರೂ ಕೂಡ, ಎಲ್ಲರಿಗೂ ಸೂಕ್ತ ಜಾಗ ಅಭ್ಯಾಸ ಗಟ. ಫಾರ್ಮ್‌ಹೌಸಿನವರಿಗೆ ಅದೂ ಹೆಚ್ಚಾಯಿತು. ಅವರಿಂದ ಬೇಕಾಗಿರುವುದು ತಮ್ಮ ಜಮೀನಿನ ಹುಲ್ಲಿಗೆ ಹಚ್ಚಿದ ಬೆಂಕಿ ಕಾಡಿಗೆ ಹೋಗದಂತೆ ನೋಡಿಕೊಳ್ಳುವ ಲಿಖಿತ ಒಪ್ಪಿಗೆ.

ಚಂದ್ರಪುರ ಜಿಲ್ಲೆಯ ಪಾಚಗಾಂವ್ ಇನ್ನೊಂದು ಕಾರಣಕ್ಕೆ ಗಮನಾರ್ಹ. 2012ರಲ್ಲಿ ಹಕ್ಕುಪತ್ರ ಪಡೆದ ಆ ಊರು ಬಿದಿರಿನ ಮಾರಾಟದಿಂದ ಆದಾಯ ಕಂಡುಕೊಂಡಿತು, ಆದರೆ ಬೀಡಿ ಕಟ್ಟಲು ಬಳಸುವ ತೆಂದು ಎಲೆ ಕೀಳುವುದನ್ನು ತಾನಾಗಿಯೇ ನಿಲ್ಲಿಸಿತು. ಎಳೆಯ ಎಲೆ ಹೆಚ್ಚು ಬರಲೆಂದು ಕೊಂಬೆ ಕಡಿಯುವ, ನೆಲಕ್ಕೆ ಬೆಂಕಿಯಿಡುವ ರೂಢಿ ಕಾಡಿಗೆ ಹಾನಿ ಎಂದು ಊರೇ ಕುಳಿತು ತೀರ್ಮಾನಿಸಿತು. ಇದೇ ನಿಷೇಧ ಇಲಾಖೆಯಿಂದ ಬಂದಿದ್ದರೆ ಎಷ್ಟು ದಿನ ಉಳಿಯುತ್ತಿತ್ತು ಎಂದು ನೀವೇ ಯೋಚಿಸಿ. ನಿಮ್ಮ ಊರಿನಲ್ಲಿ ಅಳಲೆಯ ಪ್ರಶ್ನೆಯೂ ಇದೇ ಬಗೆಯದು. ಎಳೆಯ ಕಾಯಿಗೆ ಬೆಲೆ ಹೆಚ್ಚು, ಆದರೆ ಎಲ್ಲವನ್ನೂ ಎಳೆಯದಾಗಿಯೇ ಕಿತ್ತರೆ ಬೀಜ ಬೀಳುವುದಿಲ್ಲ, ಹೊಸ ಸಸಿ ಏಳುವುದಿಲ್ಲ. ಯಾವ ಮರಗಳನ್ನು ಬೀಜಕ್ಕೆ ಬಿಡಬೇಕು ಎಂಬುದನ್ನು ಆರಿಸುವ ಹೆಂಗಸರನ್ನು ಬಿಟ್ಟು ಇನ್ನಾರೂ ಸರಿಯಾಗಿ ಹೇಳಲಾರರು, ಅವರು ಒಪ್ಪದೆ ಯಾರೂ ಜಾರಿಗೆ ತರಲೂ ಆರರು.

ಪ್ರಶ್ನೆ ಕೇಳಿದವರು: ಕೋಥರೂಡ್, ಪುಣೆ

ಮೂವರಿಗೂ ಕೃತಜ್ಞತೆಗಳು. ಬಳಕೆಯ ಪಟ್ಟಿಯಿಂದ ಆರಂಭಿಸುವ ಸಲಹೆಯನ್ನು ಊರಿನ ಮುಂದೆ ಇಡುತ್ತೇನೆ. ನಮ್ಮ ಗುಂಪು ತೀರ್ಮಾನದ ಸಭೆಯಿಂದ ಎದ್ದು ಹೊರಗೆ ಹೋಗಬೇಕೆಂಬುದೂ ನ್ಯಾಯವೇ. ಎರಡು ಸಂಶಯಗಳು ಉಳಿದಿವೆ. ಗ್ರಾಮಸಭೆಗೆ ಕೋರಂ ಕೂಡಿಸುವುದೇ ಕಷ್ಟ, ಏಕೆಂದರೆ ಹುಡುಗರೆಲ್ಲ ಚಾಕಣ, ಭೋಸರಿಯ ಕಾರ್ಖಾನೆಗಳಲ್ಲಿದ್ದಾರೆ. ಇನ್ನೊಂದು, ಧನಗರರು ಈ ಊರಿನ ಮತದಾರರೇ ಅಲ್ಲ. ಅವರನ್ನು ಯಾವ ಆಧಾರದ ಮೇಲೆ ಕರೆಯುವುದು?

ಉತ್ತರ 3: ನಿಗಡಿ, ಪುಣೆ

ಕೋರಂ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. 2012ರಲ್ಲಿ ತಿದ್ದುಪಡಿಯಾದ ನಿಯಮದ ಪ್ರಕಾರ ಗ್ರಾಮಸಭೆಯ ಸದಸ್ಯರಲ್ಲಿ ಅರ್ಧದಷ್ಟಾದರೂ ಹಾಜರಿರಬೇಕು, ಹಾಜರಿದ್ದವರಲ್ಲಿ ಮೂರನೆಯ ಒಂದು ಭಾಗವಾದರೂ ಹೆಂಗಸರಿರಬೇಕು. ಇದನ್ನು ಅಡ್ಡಿಯೆಂದು ನೋಡದೆ ಉಪಕಾರವೆಂದು ನೋಡಿ. ಕಟ್ಟೆಯ ಆಚೆ ಕುಳಿತವರನ್ನು ಈಚೆ ಕರೆಯದೆ ಸಭೆ ಊರ್ಜಿತವೇ ಆಗದು. ಭೋಸರಿಯ ಅನೇಕ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ, ಆದ್ದರಿಂದ ಭಾನುವಾರದ ಸಭೆಗೆ ಹುಡುಗರು ಸಿಗುವುದಿಲ್ಲ. ಗುರುವಾರ ಇಡಿ, ಅಥವಾ ಹೋಳಿಗೆ, ಊರ ಜಾತ್ರೆಗೆ ಎಲ್ಲರೂ ಬಂದಿರುವಾಗ ಇಡಿ. ವಾಡಿಯವರು ಇಳಿದು ಬರುವುದಿಲ್ಲವಾದರೆ ಸಭೆಯೇ ಹತ್ತಿ ಹೋಗಲಿ. ಅಂಬೇಗಾಂವ್ ತಾಲ್ಲೂಕಿನ ಆ ಭಾಗ ಬುಡಕಟ್ಟು ಜನರ ಹಿತಕ್ಕಾಗಿ ಸಂವಿಧಾನದಡಿ ಗುರುತಿಸಿದ ಅನುಸೂಚಿತ ಪ್ರದೇಶದಲ್ಲಿ ಬರುತ್ತದೆ. ಪೇಸಾ ಎಂದರೆ ಇಂಥ ಪ್ರದೇಶಗಳಿಗೆ ಪಂಚಾಯತಿ ವ್ಯವಸ್ಥೆಯನ್ನು ವಿಸ್ತರಿಸಿದ ಕಾಯ್ದೆ; ಅದರಡಿಯ ಮಹಾರಾಷ್ಟ್ರದ 2014ರ ನಿಯಮಗಳ ಪ್ರಕಾರ ವಾಡಿಯೊಂದು ತನ್ನನ್ನು ಪ್ರತ್ಯೇಕ ಗ್ರಾಮವೆಂದು ಘೋಷಿಸಿಕೊಂಡು ತನ್ನದೇ ಗ್ರಾಮಸಭೆ ನಡೆಸಲು ಅವಕಾಶವಿದೆ. ವಾಡಿಯವರು ಆ ದಾರಿ ಹಿಡಿದರೆ ದೊಡ್ಡ ಊರಿನವರಿಗೆ ಇಷ್ಟವಾಗದು. ಅವಕಾಶ ಇದೆ ಎಂಬುದು ಇಬ್ಬರಿಗೂ ತಿಳಿದಿದ್ದರೆ ಮಾತುಕತೆಯ ಧಾಟಿ ಬೇರೆಯಾಗುತ್ತದೆ.

ಉತ್ತರ 4: ಹಡಪಸರ, ಪುಣೆ (ಮೂಲ ಅಥಣಿ)

ನಮ್ಮದು ಕುರಿ ಸಾಕುವವರ ಮನೆತನವಾದ್ದರಿಂದ ಎರಡನೆಯ ಸಂಶಯಕ್ಕೆ ಉತ್ತರಿಸುವುದು ನನ್ನ ಪಾಲಿಗೆ ಬಂದಂತಿದೆ. ಅರಣ್ಯ ಹಕ್ಕು ಕಾಯ್ದೆಯ 3ನೆಯ ಕಲಮಿನ 1ನೆಯ ಉಪಕಲಮು ಓದಿ ನೋಡಿ. ಒಂದೆಡೆ ನೆಲೆಸಿದವರ ಮೇವಿನ ಹಕ್ಕಿನ ಜೊತೆಗೇ ಊರಿಂದೂರಿಗೆ ಹೋಗುವವರ ಮೇವಿನ ಹಕ್ಕನ್ನೂ, ಅಲೆಮಾರಿ ಪಶುಪಾಲಕರು ಋತುಮಾನಕ್ಕೆ ತಕ್ಕಂತೆ ಪರಂಪರೆಯಿಂದ ಬಳಸುತ್ತ ಬಂದ ಹಕ್ಕನ್ನೂ ಅದು ಹೆಸರಿಸುತ್ತದೆ. ಮತದಾರರಲ್ಲ ಎಂಬುದು ಅವರನ್ನು ಹೊರಗಿಡಲು ಕಾರಣವಾಗುವುದಿಲ್ಲ. ಧನಗರರು ಕೂಡ ಆ ಮೂರು ತಲೆಮಾರಿನ ಸಾಕ್ಷ್ಯವನ್ನು ಒದಗಿಸಬೇಕಾಗುತ್ತದೆ ಎಂಬುದು ನಿಜ. ಆದರೆ ಆ ಸಾಕ್ಷ್ಯದಲ್ಲಿ ಊರಿನ ಹಿರಿಯರ ಹೇಳಿಕೆಯೂ ಸಲ್ಲುತ್ತದೆ. ಅಂದರೆ ನಿಮ್ಮ ಊರು ಮನಸ್ಸು ಮಾಡಿದರೆ ಅವರ ಪರವಾಗಿ ನಿಲ್ಲಬಹುದು.

ಊರು ಮನಸ್ಸು ಮಾಡುವುದಕ್ಕೆ ಕಾರಣವೂ ಇದೆ. ಮಂದೆ ಹಾದುಹೋಗುವಾಗ ಯಾರ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾರೆ, ಅದಕ್ಕೆ ಯಾರು ಕಾಳು ಅಳೆಯುತ್ತಾರೆ ಎಂದು ವಿಚಾರಿಸಿ. ಕುರಿಯ ಹಿಕ್ಕೆ, ಗಂಜಲ ಹೊಲಕ್ಕೆ ಬೇಕು, ಕುರಿ ಕಾಡಿಗೆ ಮಾತ್ರ ಬೇಡ ಎನ್ನುವವರು ಇಬ್ಬರೂ ಒಬ್ಬರೇ ಆಗಿರುವ ಸಾಧ್ಯತೆ ಬಹಳ. ಅಂಥವರನ್ನೇ ಮಾತುಕತೆಗೆ ಮುಂದೆ ಮಾಡಿ. ಕುರಿಗಾರರು ಚೌಕಾಶಿಗೆ ಹೊಸಬರಲ್ಲ. ಪ್ರತಿ ಊರಿನಲ್ಲೂ ಹೊಲದವರೊಂದಿಗೆ ಅವರು ಮಾಡುತ್ತ ಬಂದದ್ದು ಅದನ್ನೇ. ಸಸಿ ಏಳುತ್ತಿರುವ ಭಾಗ ಬಿಟ್ಟು ದಾರಿ ಯಾವುದು, ಎಷ್ಟು ದಿನದ ಬಿಡಾರ, ಯಾವ ಒರತೆಯ ನೀರು, ಕೊಂಬೆ ಕಡಿದರೆ ಏನು ದಂಡ, ಇಷ್ಟನ್ನು ಮಂದೆಯ ಮುಖಂಡನೊಂದಿಗೆ ಕುಳಿತು ಗೊತ್ತುಮಾಡಬಹುದು.

ಆದರೆ ಅವರನ್ನು ಸಭೆಯ ನೋಟಿಸು ಕಳಿಸಿ ಕರೆಯುವುದು ಆಗದ ಕೆಲಸ. ಮಳೆಗಾಲದಲ್ಲಿ ಅವರು ತಮ್ಮ ಊರುಗಳಲ್ಲೇ, ಪೂರ್ವದ ಬಯಲು ಸೀಮೆಯಲ್ಲಿ ಇರುತ್ತಾರೆ. ಯಾವ ಊರಿನ ಮಂದೆ ಎಂಬುದು ಕುರಿ ನಿಲ್ಲಿಸಿಕೊಳ್ಳುವ ರೈತರಿಗೆ ಗೊತ್ತಿರುತ್ತದೆ. ಅವರಲ್ಲೊಬ್ಬರನ್ನೂ ವಾಡಿಯ ಒಬ್ಬರನ್ನೂ ಕರೆದುಕೊಂಡು ದಸರೆಯ ಒಳಗೆ ಅಲ್ಲಿಗೇ ಹೋಗಿ ಬನ್ನಿ. ಮಂದೆ ಹೊರಟ ಮೇಲೆ ದಾರಿಯಲ್ಲಿ ತಡೆದು ಮಾತನಾಡಿಸಿದರೆ ಅದು ಜಗಳವಾಗುತ್ತದೆ. ಯೋಜನೆಯ ಕರಡಿನಲ್ಲಿ ಮೇವಿನ ಪುಟವನ್ನು ಅಲ್ಲಿಯವರೆಗೆ ಖಾಲಿ ಬಿಡಿ.